ಜತ್ತಿಯವರು ಸಹಿ ಹಾಕದ ಒಂದು ರಾತ್ರಿ

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಹೃದಯಾಘಾತದಿಂದ ತೀರಿಕೊಂಡಾಗ ದೇಶದಲ್ಲಿ ಚುನಾವಣೆಯ ಕಾವು ಏರುತ್ತಿತ್ತು. ಜನವರಿ 18ರಂದು ಇಂದಿರಾ ಗಾಂಧಿ ಲೋಕಸಭಾ ಚುನಾವಣೆ ಘೋಷಿಸಿದ್ದರು. ಜೈಲಿನಲ್ಲಿದ್ದ ನಾಯಕರು ಹೊರಬರುತ್ತಿದ್ದರು. ಫೆಬ್ರವರಿ 2ರಂದು ಜಗಜೀವನ ರಾಂ ಸಂಪುಟವನ್ನೂ ಪಕ್ಷವನ್ನೂ ಬಿಟ್ಟು ಹೊರನಡೆದಿದ್ದರು. ತುರ್ತು ಪರಿಸ್ಥಿತಿ ಮಾತ್ರ ಇನ್ನೂ ಜಾರಿಯಲ್ಲೇ ಇತ್ತು. ಅದಕ್ಕೆ 1975ರ ಜೂನ್ 25ರ ರಾತ್ರಿ ಅಂಕಿತ ಹಾಕಿದ್ದವರು ಅಹ್ಮದ್. ಅದು ಹೋಗುವುದನ್ನು ನೋಡಲು ಅವರು ಉಳಿಯಲಿಲ್ಲ.

ರಾಷ್ಟ್ರಪತಿಯ ಸ್ಥಾನ ತೆರವಾದರೆ ಹೊಸಬರು ಬರುವವರೆಗೆ ಉಪರಾಷ್ಟ್ರಪತಿ ಆ ಕೆಲಸ ನೋಡಬೇಕು ಎನ್ನುತ್ತದೆ ಸಂವಿಧಾನದ 65ನೇ ವಿಧಿ. ಅದರಂತೆ ಅದೇ ದಿನ ಬಸಪ್ಪ ದಾನಪ್ಪ ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆಗ ಅವರಿಗೆ 64 ವರ್ಷ. ಜುಲೈ 25ರವರೆಗೆ, ಒಟ್ಟು 164 ದಿನ, ಅವರು ಆ ಸ್ಥಾನದಲ್ಲಿದ್ದರು. ಅವರಿಗಿಂತ ಮೊದಲು 1969ರಲ್ಲಿ ಜಾಕಿರ್ ಹುಸೇನ್ ನಿಧನರಾದಾಗ ವಿ.ವಿ. ಗಿರಿ, ಗಿರಿಯವರು ರಾಜೀನಾಮೆ ಕೊಟ್ಟ ಮೇಲೆ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿಯಾಗಿದ್ದರು. ಮೂವರಲ್ಲಿ ಜತ್ತಿಯವರ ಅವಧಿಯೇ ದೀರ್ಘ. ಆದರೂ ಎಣಿಕೆಯಲ್ಲಿ ಅಹ್ಮದ್ ಐದನೆಯ ರಾಷ್ಟ್ರಪತಿ, ಸಂಜೀವ ರೆಡ್ಡಿ ಆರನೆಯವರು. ನಡುವೆ ಇದ್ದ ಕನ್ನಡಿಗನಿಗೆ ಸಂಖ್ಯೆಯಿಲ್ಲ.

ಆ 164 ದಿನಗಳಲ್ಲಿ ನಡೆದದ್ದು ಸಣ್ಣಪುಟ್ಟದ್ದೇನಲ್ಲ. ತುರ್ತು ಪರಿಸ್ಥಿತಿ ರದ್ದಾದದ್ದು ಅವರ ಅಂಕಿತದಿಂದ. ಇಂದಿರಾ ಗಾಂಧಿಯವರ ರಾಜೀನಾಮೆ ಸ್ವೀಕರಿಸಿದವರು ಅವರು. ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆದರೆ ಇವೆಲ್ಲ ಬೇರೆಯವರು ತೆಗೆದುಕೊಂಡ ತೀರ್ಮಾನಗಳು, ಜತ್ತಿಯವರದು ಅಂಕಿತ ಅಷ್ಟೇ. ಅವರು ತಾವಾಗಿ ಮಾಡಿದ್ದು ಒಂದೇ ಕೆಲಸ, ಅದೂ ಒಂದು ರಾತ್ರಿಯ ಮಟ್ಟಿಗೆ. ಏಪ್ರಿಲ್ 29ರಂದು ತಮ್ಮ ಮುಂದೆ ಬಂದ ಕಾಗದಗಳಿಗೆ ಅವರು ಸಹಿ ಹಾಕಲಿಲ್ಲ. ಅಂದಿನವರಲ್ಲಿ ಅನೇಕರು ಅದನ್ನು ಇಂದಿರಾನಿಷ್ಠೆ ಎಂದು ಓದಿದರು. ಅಷ್ಟರಲ್ಲೇ ಆ ರಾತ್ರಿಯ ಅರ್ಥ ಮುಗಿಯಿತೆಂದು ನನಗೆ ತೋರುವುದಿಲ್ಲ. ಅದನ್ನು ತೂಗಿನೋಡಲು ಜತ್ತಿಯವರ ಹಿಂದಿನ ದಾರಿಯನ್ನೂ ನೋಡಬೇಕು.

ಈಗಿನ ಬಾಗಲಕೋಟೆ ಜಿಲ್ಲೆ, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಜತ್ತಿಯವರ ಜನನ. ಲಿಂಗಾಯತ ಮನೆತನ, ತಂದೆಯದು ಕಿರಾಣಿ ವ್ಯಾಪಾರ. ಊರಿನ ಶಾಲೆ ಮುಗಿಸಿ ವಿಜಾಪುರದ ಸಿದ್ಧೇಶ್ವರ ಹೈಸ್ಕೂಲು, ಅಲ್ಲಿಂದ ಕೊಲ್ಹಾಪುರದ ರಾಜಾರಾಮ್ ಕಾಲೇಜು, ಕೊನೆಗೆ ಅದೇ ಊರಿನ ಸೈಕ್ಸ್ ಲಾ ಕಾಲೇಜು. ಆ ಭಾಗದ ಹುಡುಗರಿಗೆ ಓದಿನ ದಾರಿ ಬೆಂಗಳೂರು, ಮೈಸೂರಿನತ್ತ ಇರಲಿಲ್ಲ. ಕೊಲ್ಹಾಪುರ, ಪುಣೆ, ಮುಂಬೈ ಕಡೆಗಿತ್ತು. ವಕೀಲಿಕೆಯ ಸನದು ಹಿಡಿದು ಜಮಖಂಡಿಗೆ ಮರಳಿದ ಜತ್ತಿ 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು.

ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ. ಕನ್ನಡ ಮಾತಾಡುವ ಹಳ್ಳಿಗಳ ಮೇಲೆ ಮರಾಠಿ ಮನೆತನದ ಆಳ್ವಿಕೆ. ಜತ್ತಿ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು, 1948ರಲ್ಲಿ ದಿವಾನರೂ ಆದರು. ಅರಸ ಶಂಕರರಾವ್ ಪಟವರ್ಧನ ಅವರೊಂದಿಗೆ ಅವರ ಸಂಬಂಧ ಚೆನ್ನಾಗಿತ್ತು. ಆದರೆ ಅವರು ದಿವಾನಗಿರಿಗೆ ಬಂದದ್ದೇ ಸಂಸ್ಥಾನದ ಕೊನೆಯ ಗಳಿಗೆಯಲ್ಲಿ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು, ಅದನ್ನು ನಡೆಸಿಕೊಟ್ಟ ದಿವಾನರು ಮತ್ತೆ ಕರಿಕೋಟು ತೊಟ್ಟು ಕೋರ್ಟಿಗೆ ಹೊರಟರು. ಸುಮಾರು 20 ತಿಂಗಳು ವಕೀಲಿಕೆಯೇ ಅವರ ಕಸುಬು.

ಪಡೆದ ಸ್ಥಾನವನ್ನು ಬಿಟ್ಟುಕೊಟ್ಟು ಕೆಳಗಿಳಿಯುವುದು, ಇಳಿದ ಮೇಲೆ ಮುಖ ಊದಿಸಿಕೊಳ್ಳದೆ ಕೆಲಸ ಮುಂದುವರಿಸುವುದು ಜತ್ತಿಯವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣುವ ನಡೆ. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡು, ಆಗಿನ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಬಳಿಕ ಮೊರಾರ್ಜಿ ದೇಸಾಯಿ ಮುಂಬೈ ಮುಖ್ಯಮಂತ್ರಿಯಾದಾಗ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಕಾಲು ಶತಮಾನದ ನಂತರ ಇದೇ ಮೊರಾರ್ಜಿ ಇದೇ ಜತ್ತಿಯವರ ಎದುರು ನಿಂತು ಪ್ರಮಾಣವಚನ ಓದಬೇಕಾಗಿ ಬಂತು.

1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದಾಗ ಜತ್ತಿ ಮುಂಬೈನ ಉಪಮಂತ್ರಿಗಿರಿ ಕಳೆದುಕೊಂಡು ಮೈಸೂರು ರಾಜ್ಯದ ಶಾಸಕರಾದರು. ಹೊಸ ರಾಜ್ಯಕ್ಕೆ ಒಂದು ವಿಚಿತ್ರ ತೊಡಕಿತ್ತು. ಹಳೆ ಮೈಸೂರಿಗೆ ಒಂದು ಗೇಣಿ ಕಾನೂನು, ಮುಂಬೈ ಕರ್ನಾಟಕಕ್ಕೆ 1948ರ ಕುಳಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ 1950ರದು, ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ ಇನ್ನೊಂದು, ಕೊಡಗಿನ ಕಥೆಯೇ ಬೇರೆ. ಒಂದೇ ರಾಜ್ಯದ ಗೇಣಿದಾರ ಯಾವ ತಾಲ್ಲೂಕಿನಲ್ಲಿ ಉಳುತ್ತಾನೆ ಎಂಬುದರ ಮೇಲೆ ಅವನ ಹಕ್ಕು ನಿಂತಿತ್ತು. ಇವನ್ನೆಲ್ಲ ಒಂದು ಕಾನೂನಿಗೆ ತರಲು 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿ ಅಧ್ಯಕ್ಷರು. ‘ಜತ್ತಿ ಸಮಿತಿ’ ಎಂದೇ ಹೆಸರಾದ ಅದರ ವರದಿಯ ತಳಹದಿಯ ಮೇಲೆ 1961ರ ಮೈಸೂರು ಭೂಸುಧಾರಣಾ ಕಾಯ್ದೆ ಬಂತು. ಅದರಲ್ಲಿ ಭೂಮಾಲೀಕರು ನುಸುಳಿಕೊಳ್ಳಲು ದಾರಿಗಳಿದ್ದವು, ಜಾರಿಯೂ 1965ರವರೆಗೆ ಎಳೆಯಿತು. ‘ಉಳುವವನೇ ಒಡೆಯ’ ಎಂಬುದಕ್ಕೆ ಬಲ ಬಂದದ್ದು ದೇವರಾಜ ಅರಸು ಕಾಲದ 1974ರ ತಿದ್ದುಪಡಿಯಿಂದ, ಅದು ನಿಜ. ಆದರೂ ಐದು ಸೀಮೆಗಳ ಕಾನೂನುಗಳನ್ನು ಮೇಜಿನ ಮೇಲೆ ಹರಡಿ ಒಂದಕ್ಕೊಂದು ಜೋಡಿಸಿದ ಮೊದಲ ದುಡಿಮೆಗೆ ಸಲ್ಲಬೇಕಾದ ಮಾನ ಸಂದಿಲ್ಲ ಎಂದೇ ನನ್ನ ಭಾವನೆ.

1958ರಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪನವರು ಇಳಿದಾಗ ಶಾಸಕಾಂಗ ಪಕ್ಷ ಜತ್ತಿಯವರನ್ನು ಆರಿಸಿತು. ಮೇ 16ರಂದು ಅವರು ಮುಖ್ಯಮಂತ್ರಿಯಾದರು. ಗ್ರಾಮ ಪಂಚಾಯಿತಿಗಳ 1959ರ ಕಾಯ್ದೆ, ಭೂಸುಧಾರಣಾ ಕಾಯ್ದೆ, ಎರಡೂ ಅವರ ಅವಧಿಯವೇ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ಸೋತರೂ ಪಕ್ಷ ಅವರ ಹಿಡಿತದಲ್ಲಿತ್ತು. ಮೂರು ತಿಂಗಳು ಎಸ್.ಆರ್. ಕಂಠಿ ಮುಖ್ಯಮಂತ್ರಿಯಾಗಿ ಜಾಗ ಕಾಯ್ದರು, ಉಪಚುನಾವಣೆಯಲ್ಲಿ ಗೆದ್ದು ನಿಜಲಿಂಗಪ್ಪ ಮರಳಿದರು. ಸುಮಾರು ನಾಲ್ಕು ವರ್ಷ ರಾಜ್ಯವಾಳಿದ್ದ ಜತ್ತಿ ಅದೇ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ಕುಳಿತರು. ಮುಂದೆ ಆಹಾರ ಖಾತೆಯನ್ನೂ ನೋಡಿದರು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗುವುದು ಇವತ್ತಿನ ರಾಜಕಾರಣದಲ್ಲಿ ಎಷ್ಟು ಕಷ್ಟದ ಮಾತೋ ಅಂದೂ ಅಷ್ಟೇ ಇತ್ತು.

1968ರ ಅಕ್ಟೋಬರಿನಲ್ಲಿ ಅವರು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದರು. ಮರುವರ್ಷ ಕಾಂಗ್ರೆಸ್ ಇಬ್ಭಾಗವಾಗಿ ನಿಜಲಿಂಗಪ್ಪ, ಮೊರಾರ್ಜಿ ಒಂದು ಕಡೆ, ಇಂದಿರಾ ಇನ್ನೊಂದು ಕಡೆ ನಿಂತಾಗ ಜತ್ತಿ ಆ ಜಗಳದಿಂದ ಹೊರಗಿದ್ದರು. 1972ರ ನವೆಂಬರಿನಲ್ಲಿ ಒಡಿಶಾದ ರಾಜ್ಯಪಾಲರಾದರು. ಅಲ್ಲಿ ನಡೆದದ್ದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು.

1973ರ ಮಾರ್ಚ್‌ನಲ್ಲಿ ಪಕ್ಷಾಂತರದಿಂದ ಬಹುಮತ ಕಳೆದುಕೊಳ್ಳುವ ಸ್ಥಿತಿ ಬಂದು ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳ ಕೂಟದ ನಾಯಕ ಬಿಜು ಪಟ್ನಾಯಕ್ ಬಹುಮತ ತಮಗಿದೆ ಎಂದು ರಾಜ್ಯಪಾಲರ ಮುಂದೆ ಹಕ್ಕು ಮಂಡಿಸಿದರು. ಜತ್ತಿ ಅವರನ್ನು ಸರ್ಕಾರ ರಚಿಸಲು ಕರೆಯಲಿಲ್ಲ. 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಪಟ್ನಾಯಕ್ ಹೈಕೋರ್ಟಿಗೆ ಹೋದರೂ ಫಲ ಸಿಗಲಿಲ್ಲ. ಮರುವರ್ಷದ ಚುನಾವಣೆಯ ನಂತರ ನಂದಿನಿ ಸತ್ಪತಿಯವರೇ ಮತ್ತೆ ಮುಖ್ಯಮಂತ್ರಿ. ಆ ತೀರ್ಮಾನ ದೆಹಲಿಗೆ ಒಪ್ಪಿಗೆಯಾಗುವಂಥದ್ದೇ ಆಗಿತ್ತು. ಜತ್ತಿಯವರ ಮೇಲಿನ ಗೌರವದಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ. ಬಹುಮತ ಯಾರಿಗಿದೆ ಎಂಬುದು ಸದನದಲ್ಲಿ ತೀರ್ಮಾನವಾಗಬೇಕಿತ್ತು.

1974ರ ಆಗಸ್ಟಿನಲ್ಲಿ ಕಾಂಗ್ರೆಸ್ ಅವರನ್ನು ಉಪರಾಷ್ಟ್ರಪತಿ ಹುದ್ದೆಗೆ ನಿಲ್ಲಿಸಿತು. ಎದುರಾಳಿ ಎನ್.ಇ. ಹೊರೊ ಅವರಿಗೆ 141 ಮತ, ಜತ್ತಿಯವರಿಗೆ 521. ಉಪರಾಷ್ಟ್ರಪತಿಯೆಂದರೆ ರಾಜ್ಯಸಭೆಯ ಸಭಾಪತಿ. ಅಧಿಕಾರ ವಹಿಸಿಕೊಂಡು ವರ್ಷ ತುಂಬುವ ಮೊದಲೇ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದ ಎಷ್ಟೋ ಸಂಸದರು ಜೈಲಿನಲ್ಲಿ.

1976ರ ಆಗಸ್ಟ್ 10ರಂದು ಸಭಾಪತಿ ಪೀಠದಲ್ಲಿದ್ದ ಜತ್ತಿ, ಅಗಲಿದವರ ಹೆಸರುಗಳನ್ನು ಓದಿ ಸದನದ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದರು. ಬಂಧನದ ವಾರಂಟು ತಲೆಯ ಮೇಲಿದ್ದು, ಪೊಲೀಸರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಜನಸಂಘದ ಸದಸ್ಯ ಸುಬ್ರಮಣಿಯನ್ ಸ್ವಾಮಿ ಇದ್ದಕ್ಕಿದ್ದಂತೆ ಸದನದೊಳಗೆ ಕಾಣಿಸಿಕೊಂಡರು. ಎದ್ದು ನಿಂತು, ಆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಪ್ರಜಾಪ್ರಭುತ್ವವೂ ಸತ್ತಿದೆ ಎಂಬರ್ಥದ ಮಾತಾಡಿ, ಯಾರೂ ಸಾವರಿಸಿಕೊಳ್ಳುವ ಮೊದಲೇ ಹೊರಟುಹೋದರು. ನವೆಂಬರಿನಲ್ಲಿ ಸದನ ಅವರನ್ನು ಉಚ್ಚಾಟಿಸಿತು. ಅದೇ ನವೆಂಬರಿನಲ್ಲಿ, ಜತ್ತಿಯವರು ಸಭಾಪತಿಯಾಗಿದ್ದ ರಾಜ್ಯಸಭೆ 42ನೇ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿತು.

ಆ ತಿದ್ದುಪಡಿ ಸಂವಿಧಾನದ ಮೈಯನ್ನೆಲ್ಲ ತಡಕಿತ್ತು. ನಮ್ಮ ಕಥೆಗೆ ಬೇಕಾದದ್ದು ಎರಡು ಕಡೆಯ ಬದಲಾವಣೆ. ಮೊದಲನೆಯದು 74ನೇ ವಿಧಿ. ರಾಷ್ಟ್ರಪತಿಗೆ ನೆರವು, ಸಲಹೆ ಕೊಡಲು ಮಂತ್ರಿಮಂಡಲ ಇರತಕ್ಕದ್ದು ಎಂದಷ್ಟೇ ಅದು ಮೊದಲು ಹೇಳುತ್ತಿತ್ತು. ಆ ಸಲಹೆಯಂತೆ ನಡೆಯುವುದು ಸಂಪ್ರದಾಯವಾಗಿತ್ತು, ನ್ಯಾಯಾಲಯವೂ ಅದನ್ನೇ ಹೇಳಿತ್ತು. ಈಗ ‘ಸಲಹೆಯಂತೆಯೇ ನಡೆಯತಕ್ಕದ್ದು’ ಎಂದು ಬರಹದಲ್ಲೇ ಸೇರಿತು. ಒಮ್ಮೆ ಯೋಚಿಸಿ ನೋಡಿ ಎಂದು ಕಡತ ವಾಪಸ್ ಕಳಿಸುವ ಅವಕಾಶದ ಮಾತೇ ಅದರಲ್ಲಿರಲಿಲ್ಲ. ಎರಡನೆಯದು, ಲೋಕಸಭೆ ಮತ್ತು ವಿಧಾನಸಭೆಗಳ ಅವಧಿ 5 ವರ್ಷದಿಂದ 6 ವರ್ಷಕ್ಕೆ ಹಿಗ್ಗಿದ್ದು. 74ನೇ ವಿಧಿಯ ಹೊಸ ರೂಪ ಜಾರಿಗೆ ಬಂದದ್ದು 1977ರ ಜನವರಿ 3ರಂದು. ಅದಾಗಿ 39ನೇ ದಿನಕ್ಕೆ ಅಹ್ಮದ್ ತೀರಿಕೊಂಡರು. ಕಟ್ಟಿದ ಕೈಗಳ ಆ ಕುರ್ಚಿ, ಅದನ್ನು ಹಾಗೆ ಕಟ್ಟಿದ ಸದನದ ಸಭಾಪತಿಗೇ ಬಂತು.

ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. ಎಣಿಕೆ ಸಾಗಿದಂತೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಎದುರು ಸ್ವತಃ ಪ್ರಧಾನಿಯೇ ಸೋತರು. ಮಾರ್ಚ್ 21ರಂದು ಸಂಪುಟದ ಸಲಹೆಯಂತೆ ಜತ್ತಿ ತುರ್ತು ಪರಿಸ್ಥಿತಿ ರದ್ದುಪಡಿಸುವ ಘೋಷಣೆಗೆ ಅಂಕಿತ ಹಾಕಿದರು. ಮರುದಿನ ಇಂದಿರಾ ರಾಜೀನಾಮೆ. ಜನತಾ ಪಕ್ಷದ ನಾಯಕ ಯಾರಾಗಬೇಕೆಂಬ ಪೈಪೋಟಿಯನ್ನು ಜಯಪ್ರಕಾಶ ನಾರಾಯಣ ಮತ್ತು ಆಚಾರ್ಯ ಕೃಪಲಾನಿ ಬಗೆಹರಿಸಿದರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಮುಂಬೈ ಸಚಿವಾಲಯದಲ್ಲಿ ಮುಖ್ಯಮಂತ್ರಿಯಾಗಿದ್ದವರಿಗೆ ಅವರ ಹಳೆಯ ಉಪಮಂತ್ರಿ ಪ್ರಮಾಣವಚನ ಬೋಧಿಸಿದರು. ಕೆಲವೇ ದಿನಗಳಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲಿ, ತುರ್ತು ಪರಿಸ್ಥಿತಿಯ ಕಾನೂನುಗಳನ್ನು ಬದಲಿಸುವ ಹೊಸ ಸರ್ಕಾರದ ಸಂಕಲ್ಪವನ್ನು ಓದಿದವರೂ ಜತ್ತಿಯವರೇ.

ಕರ್ನಾಟಕದಲ್ಲಿ ಆಗ ಗಾಳಿ ಬೇರೆಯೇ ಬೀಸಿತ್ತು. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ. ದಕ್ಷಿಣ ರಾಜ್ಯಗಳು ಇಂದಿರಾ ಕೈ ಬಿಟ್ಟಿರಲಿಲ್ಲ. ಉತ್ತರದ ಲೆಕ್ಕ ಹೀಗಿತ್ತು: ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ, ಪಂಜಾಬ್, ಹರಿಯಾಣ, ಹಿಮಾಚಲಗಳಲ್ಲೂ ಸೊನ್ನೆ. ಮಧ್ಯಪ್ರದೇಶದ 40ರಲ್ಲಿ 1, ರಾಜಸ್ಥಾನದ 25ರಲ್ಲಿ 1, ಪಶ್ಚಿಮ ಬಂಗಾಳದ 42ರಲ್ಲಿ 3, ಒಡಿಶಾದ 21ರಲ್ಲಿ 4. ಈ ಒಂಬತ್ತೂ ರಾಜ್ಯಗಳಲ್ಲಿ ಆಳುತ್ತಿದ್ದುದು ಕಾಂಗ್ರೆಸ್. ಅವುಗಳಲ್ಲಿ ಹೆಚ್ಚಿನ ವಿಧಾನಸಭೆಗಳು 1972ರಲ್ಲಿ ಆರಿಸಿ ಬಂದವು. ಹಳೆಯ ಲೆಕ್ಕದಲ್ಲಿ ಅವುಗಳ ಐದು ವರ್ಷ ಮುಗಿದಿತ್ತು, 42ನೇ ತಿದ್ದುಪಡಿ ಕೊಟ್ಟ ಆರನೇ ವರ್ಷದ ಮೇಲೆ ನಡೆಯುತ್ತಿದ್ದವು.

ಏಪ್ರಿಲ್ 18ರಂದು ಗೃಹಸಚಿವ ಚರಣ್ ಸಿಂಗ್ ಆ ಒಂಬತ್ತು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಜನರ ವಿಶ್ವಾಸ ಕಳೆದುಕೊಂಡಿದ್ದೀರಿ, ವಿಧಾನಸಭೆ ವಿಸರ್ಜಿಸುವಂತೆ ನಿಮ್ಮ ರಾಜ್ಯಪಾಲರಿಗೆ ಸಲಹೆ ಕೊಡಿ, ಹೊಸದಾಗಿ ಜನಾದೇಶ ಪಡೆಯಿರಿ ಎಂಬುದು ಅದರ ಸಾರ. ಹೇಳಿದ್ದು ಜನಾದೇಶದ ಮಾತಾದರೂ ಅದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ರಾಷ್ಟ್ರಪತಿ ಸ್ಥಾನ ಫೆಬ್ರವರಿ 11ಕ್ಕೆ ತೆರವಾಗಿತ್ತು, ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು. ಮತ ಹಾಕುವವರಲ್ಲಿ ಸಂಸದರಷ್ಟೇ ತೂಕ ಶಾಸಕರದ್ದೂ ಇರುತ್ತದೆ. ಆ ದೊಡ್ಡ ರಾಜ್ಯಗಳ ವಿಧಾನಸಭೆಗಳು ಹಾಗೇ ಉಳಿದರೆ ಹೊಸ ರಾಷ್ಟ್ರಪತಿಯನ್ನು ಆರಿಸುವಾಗ ಕಾಂಗ್ರೆಸ್ಸಿನ ಕೈ ಮೇಲಾಗುತ್ತಿತ್ತು. ಹಾಗಾಗಿ ಜತ್ತಿಯವರ ನಂತರ ಆ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದೂ, ಜತ್ತಿಯವರು ಹಾಕಬೇಕಾದ ಸಹಿಯೂ ಒಂದಕ್ಕೊಂದು ಗಂಟು ಬಿದ್ದಿದ್ದವು.

ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರ ಶುಕ್ರವಾರ ಅವುಗಳ ದಾವೆಗಳನ್ನು ವಜಾ ಮಾಡಿತು, ಕಾರಣಗಳನ್ನು ಆಮೇಲೆ ಕೊಡುವುದಾಗಿ ಹೇಳಿತು. ಅಂದೇ ಕೇಂದ್ರ ಸಂಪುಟ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಿತು.

ಜತ್ತಿ ಸಹಿ ಹಾಕಲಿಲ್ಲ. ಯೋಚಿಸಲು ಸಮಯ ಬೇಕು ಎಂದರು.

ರಾಜಧಾನಿ ಆ ರಾತ್ರಿ ಕುದಿಯಿತು. ತಿಂಗಳ ಹಿಂದಷ್ಟೇ ತುರ್ತು ಪರಿಸ್ಥಿತಿಯಿಂದ ಬಿಡಿಸಿಕೊಂಡ ದೇಶದಲ್ಲಿ, ಚುನಾಯಿತ ಸರ್ಕಾರದ ಸಲಹೆಯನ್ನು ಹಳೆಯ ಪಕ್ಷ ಕೂರಿಸಿದ ರಾಷ್ಟ್ರಪತಿಯೊಬ್ಬರು ತಡೆದಿದ್ದಾರೆ ಎಂದರೆ ಜನತಾ ಪಕ್ಷದವರಿಗೆ ಸಂಚಿನ ವಾಸನೆ ಬಂದದ್ದು ಸಹಜ. ಕಾಂಗ್ರೆಸ್ಸಿಗಂತೂ ತಡವಾದಷ್ಟೂ ಒಳ್ಳೆಯದೇ ಇತ್ತು. ಸಂಪುಟ ತನ್ನ ಸಲಹೆಯಿಂದ ಕದಲಲಿಲ್ಲ. 74ನೇ ವಿಧಿಯಲ್ಲಿ ಈಗ ಬರೆದಿರುವುದೇನು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಏಪ್ರಿಲ್ 30ರಂದು ಜತ್ತಿ ಸಹಿ ಹಾಕಿದರು.

ಆ ರಾತ್ರಿ ಅವರ ಮನಸ್ಸಿನಲ್ಲಿ ಇಂದಿರಾ ಇದ್ದರೇ, ಪಕ್ಷದ ಹಳೆಯ ಋಣವಿತ್ತೇ? ಇದ್ದಿರಬಹುದು. ಆದರೆ ಅವರ ಮುಂದಿದ್ದ ಕಾಗದದಲ್ಲೇ ತಡೆದು ಯೋಚಿಸಬೇಕಾದ ವಿಷಯವಿತ್ತು. ರಾಜ್ಯವೊಂದರ ಆಡಳಿತ ಸಂವಿಧಾನದಂತೆ ನಡೆಯಲಾಗದ ಸ್ಥಿತಿ ಬಂದಿದೆ ಎಂದು ರಾಜ್ಯಪಾಲರ ವರದಿಯಿಂದಲೋ ಬೇರೆ ರೀತಿಯಿಂದಲೋ ರಾಷ್ಟ್ರಪತಿಗೆ ಮನವರಿಕೆಯಾಗಬೇಕು ಎನ್ನುತ್ತದೆ 356ನೇ ವಿಧಿ. ಒಂಬತ್ತರಲ್ಲಿ ಒಂದು ರಾಜ್ಯದಿಂದಲೂ ರಾಜ್ಯಪಾಲರ ವರದಿ ಬಂದಿರಲಿಲ್ಲ. ಆ ಸರ್ಕಾರಗಳು ಸದನದಲ್ಲಿ ಬಹುಮತ ಕಳೆದುಕೊಂಡಿರಲಿಲ್ಲ, ಅವು ಸೋತದ್ದು ಲೋಕಸಭೆಯ ಚುನಾವಣೆಯಲ್ಲಿ. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯದಲ್ಲಿ ಆಳಕೂಡದು ಎಂದಾದರೆ ರಾಜ್ಯಗಳ ಚುನಾವಣೆಗೆ ಅರ್ಥವೇನುಳಿಯಿತು? ಆ ಪಟ್ಟಿಯಲ್ಲಿ ಒಡಿಶಾವೂ ಇತ್ತು. ನಾಲ್ಕು ವರ್ಷದ ಹಿಂದೆ ಅಲ್ಲಿಂದ ಸ್ವತಃ 356ರ ವರದಿ ಕಳಿಸಿದ್ದ ಮನುಷ್ಯನಿಗೆ, ವರದಿಯೇ ಇಲ್ಲದ ಒಂಬತ್ತು ಘೋಷಣೆಗಳನ್ನು ಕಂಡಾಗ ಪೆನ್ನು ತಡವರಿಸಿದ್ದರೆ ಅದಕ್ಕೆ ಪಕ್ಷನಿಷ್ಠೆಯ ವಿವರಣೆಯೊಂದೇ ಬೇಕಿಲ್ಲ. ಒಡಿಶಾದಲ್ಲಿ ಅವರು ಮಾಡಿದ್ದು ತಪ್ಪು ಎಂದು ಮೇಲೆ ಬರೆದೆ. ದೆಹಲಿಯಲ್ಲಿ ತಡೆದದ್ದು ಸರಿ ಎಂದು ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ತಡೆದ ರೀತಿಯಲ್ಲಿ ಮಾತ್ರ ಒಂದು ಕಲೆ ಉಳಿಯಿತು, ಅದು ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಸುಪ್ರೀಂ ಕೋರ್ಟ್ ತನ್ನ ಕಾರಣಗಳನ್ನು ಕೊಟ್ಟದ್ದು ಮೇ 6ರಂದು. ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಕೆ. ಗೋಸ್ವಾಮಿ ತಮ್ಮ ಪ್ರತ್ಯೇಕ ತೀರ್ಪಿನ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದರು. ಆದೇಶ ಪ್ರಕಟವಾಗಿ, ತೀರ್ಪಿನ ಕಾರಣಗಳನ್ನು ಇನ್ನೂ ಪರಿಶೀಲಿಸುತ್ತಿದ್ದಾಗ ಹಂಗಾಮಿ ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯನ್ನು ಕಂಡರೆಂದೂ, ಮಾತಿನ ನಡುವೆ ಈ ಪ್ರಕರಣ ಪ್ರಸ್ತಾಪವಾಯಿತೆಂದೂ, ಇದನ್ನು ಮುಖ್ಯ ನ್ಯಾಯಮೂರ್ತಿಗಳೇ ತಮಗೆ ತಿಳಿಸಿದರೆಂದೂ ಅವರು ದಾಖಲಿಸಿದರು. ಈ ಕಡತವನ್ನು ಕೆಳಗಿಡುವಾಗ ಮೈ ನಡುಗುತ್ತದೆ ಎಂಬರ್ಥದ ಮಾತು ಅಲ್ಲಿದೆ. ರಾಷ್ಟ್ರಪತಿ ಸ್ಥಾನದ ಘನತೆ ಮುಂದೆಂದೂ ಹೀಗೆ ವಿವಾದಕ್ಕೆ ಸಿಲುಕದಿರಲಿ ಎಂಬ ಆಶಯವೂ ಇದೆ. ಆಗಿನ ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್. ನ್ಯಾಯಾಲಯದ ಮುಂದಿರುವ ವಿಷಯದ ಬಗ್ಗೆ ನ್ಯಾಯಮೂರ್ತಿಯೊಂದಿಗೆ ಮಾತಾಡುವುದು ವಕೀಲಿಕೆ ಮಾಡಿದವರಿಗೆ ಸಲ್ಲದ ನಡೆ. ಸಲಹೆ ಕೇಳಲು ಸಂವಿಧಾನದಲ್ಲೇ ದಾರಿಯಿತ್ತು: 143ನೇ ವಿಧಿಯಡಿ ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯವನ್ನು ಬಹಿರಂಗವಾಗಿ ಕೇಳಬಹುದು. ಅದಕ್ಕೂ ಸಂಪುಟದ ಸಲಹೆ ಬೇಕು ಎಂಬುದೇ ಅವರ ಸಂಕಟ.

ಜೂನ್‌ನಲ್ಲಿ ಆ ರಾಜ್ಯಗಳಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಎಲ್ಲೆಡೆ ಅಧಿಕಾರ ಕಳೆದುಕೊಂಡಿತು. ಬಂಗಾಳದಲ್ಲಿ ಎಡರಂಗ ಬಂತು, ಪಂಜಾಬಿನಲ್ಲಿ ಅಕಾಲಿಗಳು, ಉಳಿದೆಡೆ ಜನತಾ. ರಾಷ್ಟ್ರಪತಿ ಹುದ್ದೆಗೆ ಮೊರಾರ್ಜಿಯವರ ಮನಸ್ಸಿನಲ್ಲಿದ್ದದ್ದು ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್, ಅವರು ಒಲ್ಲೆನೆಂದರು. ಕೊನೆಗೆ ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. 37 ನಾಮಪತ್ರಗಳಲ್ಲಿ ಅವರದೊಂದೇ ಊರ್ಜಿತವಾಗಿ ಉಳಿದಿತ್ತು. ಜುಲೈ 25ರಂದು ಜತ್ತಿ ಕುರ್ಚಿ ಬಿಟ್ಟುಕೊಟ್ಟು ಉಪರಾಷ್ಟ್ರಪತಿಯಾಗಿ ರಾಜ್ಯಸಭೆಗೆ ಮರಳಿದರು. ರೆಡ್ಡಿ ತೆರವು ಮಾಡಿದ ಲೋಕಸಭೆಯ ಸ್ಪೀಕರ್ ಸ್ಥಾನಕ್ಕೆ ಬೆಂಗಳೂರು ದಕ್ಷಿಣದಿಂದ ಗೆದ್ದಿದ್ದ ಕೆ.ಎಸ್. ಹೆಗ್ಡೆ ಬಂದಿದ್ದರು. 1973ರಲ್ಲಿ ಹಿರಿತನ ಮೀರಿದ ನೇಮಕವನ್ನು ಪ್ರತಿಭಟಿಸಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಎಸೆದಿದ್ದ ಹೆಗ್ಡೆಯವರೇ ಇವರು. ಎರಡು ವರ್ಷ ಸಂಸತ್ತಿನ ಎರಡೂ ಸದನಗಳ ಪೀಠದಲ್ಲಿ ಕನ್ನಡಿಗರಿದ್ದರು, ಒಬ್ಬರು ಕಾರ್ಕಳ ಸೀಮೆಯವರು, ಇನ್ನೊಬ್ಬರು ಜಮಖಂಡಿಯವರು.

1979ರ ಆಗಸ್ಟಿನಲ್ಲಿ ಅವಧಿ ಮುಗಿಸಿ ಜತ್ತಿ ಬೆಂಗಳೂರಿಗೆ ಬಂದರು. 1964ರಲ್ಲಿ ತಾವೇ ಕಟ್ಟಿದ್ದ ಬಸವ ಸಮಿತಿ ಅವರ ಕೈಯಲ್ಲಿತ್ತು. ವಚನಗಳನ್ನು ಕನ್ನಡದ ಆಚೆಗೂ ಒಯ್ಯಬೇಕೆಂಬುದು ಅದರ ಹಂಬಲ. ಆ ಬೀಜ ಅವರ ಕಾಲದ ನಂತರವೂ ಬೆಳೆಯಿತು. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಸಮಿತಿ ಕೈಗೊಂಡ ವಚನಾನುವಾದಗಳು 2017ರ ಬಸವ ಜಯಂತಿಯ ಹೊತ್ತಿಗೆ 23 ಭಾಷೆಗಳನ್ನು ಮುಟ್ಟಿದ್ದವು. ಜತ್ತಿಯವರು 2002ರ ಜೂನ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

1977ರ ಏಪ್ರಿಲ್ ಒಂದು ಕೆಟ್ಟ ಮಾದರಿಯನ್ನೂ ಹಾಕಿಕೊಟ್ಟಿತು. 1980ರಲ್ಲಿ ಗೆದ್ದು ಮರಳಿದ ಇಂದಿರಾ ಅದೇ ತರ್ಕ ಹಿಡಿದು ವಿರೋಧಿಗಳ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಈ ಆಟಕ್ಕೆ ಕಡಿವಾಣ ಬಿದ್ದದ್ದು 1994ರಲ್ಲಿ, ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಪ್ರಕರಣದಲ್ಲಿ. ಬಹುಮತ ಸದನದಲ್ಲೇ ಸಾಬೀತಾಗಬೇಕು, 356ರ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು.

ರಾಷ್ಟ್ರಪತಿಯ ಕುರ್ಚಿಗೆ ಬಿಡುಗಡೆ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಜನತಾ ಸರ್ಕಾರ ತಂದ 44ನೇ ತಿದ್ದುಪಡಿ 74ನೇ ವಿಧಿಗೆ ಒಂದು ಪರಂತುಕ ಸೇರಿಸಿತು: ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಮತ್ತೆ ಬಂದರೆ ಒಪ್ಪಲೇಬೇಕು. ಸಲಹೆಯನ್ನು ತಡೆದದ್ದಕ್ಕೆ ಜತ್ತಿಯವರ ಮೇಲೆ ಸಿಡಿಮಿಡಿಗೊಂಡಿದ್ದ ಸರ್ಕಾರವೇ ಅದನ್ನು ಬರೆಯಿತು, ಜತ್ತಿಯವರು ಸಭಾಪತಿಯಾಗಿದ್ದ ರಾಜ್ಯಸಭೆಯೂ ಅಂಗೀಕರಿಸಿತು. ಆ ತಿದ್ದುಪಡಿಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30ರಂದು, ಒಂಬತ್ತು ಘೋಷಣೆಗಳಿಗೆ ಜತ್ತಿ ಸಹಿ ಹಾಕಿದ ಎರಡು ವರ್ಷಕ್ಕೆ, ಅದೇ ತಾರೀಖಿಗೆ. 1997ರಲ್ಲಿ ಉತ್ತರ ಪ್ರದೇಶದ ಮೇಲೆ, 1998ರಲ್ಲಿ ಬಿಹಾರದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆ ಬಂದಾಗ ಕೆ.ಆರ್. ನಾರಾಯಣನ್ ಆ ಪರಂತುಕವನ್ನೇ ಬಳಸಿ ಎರಡೂ ಸಲ ಕಡತವನ್ನು ಸಂಪುಟಕ್ಕೆ ಹಿಂತಿರುಗಿಸಿದರು. ದೇಶ ಅವರನ್ನು ಮೆಚ್ಚಿತು. ಜತ್ತಿಯವರ ಮುಂದೆ ಒಂಬತ್ತು ಕಾಗದಗಳು ಬಂದಾಗ ಆ ಸಾಲು ಸಂವಿಧಾನದಲ್ಲಿ ಇರಲಿಲ್ಲ.